ಮ್ಯೂನಿಕ್‌ನ ಬಸ್ಸು, ಬೆಂಗಳೂರಿನ ಮೃದಂಗ: ನಾವು ಕೇಳದೇ ಬಿಟ್ಟ ಒಂದು ಜಾಝ್ ರಾಕ್ ಚರಿತ್ರೆ



ಮಂಜೇಶ್ವರದಿಂದ ಕಾಸರಗೋಡಿನವರೆಗೆ ನಮ್ಮ ಊರುಗಳಲ್ಲಿ ಸ್ಯಾಕ್ಸೋಫೋನ್ ಕೇಳದವರು ಯಾರಿದ್ದಾರೆ? ಮದುವೆ ಮನೆಯಲ್ಲಿ ಅದಿದೆ, ದೇವಸ್ಥಾನದ ಜಾತ್ರೆಯಲ್ಲಿದೆ, ಚರ್ಚಿನ ಹಬ್ಬದ ಮೆರವಣಿಗೆಗೆ ಬರುವ ಬ್ಯಾಂಡ್ ಸೆಟ್‌ನಲ್ಲೂ ಇದೆ. ಚೆಂಡೆಯಷ್ಟೇ ನಮ್ಮದು ಅನ್ನಿಸುವ ಈ ವಾದ್ಯ ಹುಟ್ಟಿದ್ದು ಯುರೋಪಿನಲ್ಲಿ. ಬೆಲ್ಜಿಯಂನ ಅಡಾಲ್ಫ್ ಸ್ಯಾಕ್ಸ್ ಎಂಬವರು ಅದನ್ನು ತಯಾರಿಸಿ, 1846ರಲ್ಲಿ ಪ್ಯಾರಿಸ್‌ನಲ್ಲಿ ಪೇಟೆಂಟ್ ಪಡೆದರು. ಮಿಲಿಟರಿ ಬ್ಯಾಂಡಿಗೆಂದು ಹುಟ್ಟಿದ ವಾದ್ಯ ಅಮೆರಿಕದಲ್ಲಿ ಜಾಝ್ ಸಂಗೀತದ ಧ್ವನಿಯಾಯಿತು, ನಮ್ಮ ತುಳುನಾಡಿನಲ್ಲಿ ನಾಗಸ್ವರದ ತಮ್ಮನಾಯಿತು.

ಪಶ್ಚಿಮದ ವಾದ್ಯ ಇಲ್ಲಿಗೆ ಬಂದ ಕಥೆ ನಮಗೆ ಸ್ವಲ್ಪವಾದರೂ ಗೊತ್ತು. ಇಲ್ಲಿಯ ತಾಳ ಪಶ್ಚಿಮಕ್ಕೆ ಹೋಗಿ ಜಾಝ್ ರಾಕ್ ತಂಡಗಳ ಜೊತೆ ಸರಿಸಮವಾಗಿ ಕೂತ ಕಥೆ ಮಾತ್ರ ಹೆಚ್ಚಿನವರಿಗೆ ಗೊತ್ತಿಲ್ಲ. ಆ ಕಥೆಯ ಒಂದು ತುದಿ ಜರ್ಮನಿಯ ಮ್ಯೂನಿಕ್‌ನಲ್ಲಿದೆ, ಇನ್ನೊಂದು ತುದಿ ನಮ್ಮ ಬೆಂಗಳೂರಿನಲ್ಲಿದೆ. ಕೊಯರ್‌ನಲ್ಲಿ ಹಾಡುವವರು, ಗಿಟಾರ್ ಕಲಿಯುತ್ತಿರುವವರು, ಡ್ರಮ್ಸ್ ಮುಂದೆ ಕೂರುವ ಆಸೆ ಇರುವವರು ಇದನ್ನು ತಿಳಿದಿರಬೇಕು ಎಂದು ಈ ಬರಹ.

ಜಾಝ್ ರಾಕ್ ಎಂದರೆ ಏನು?

ಜಾಝ್ ಹುಟ್ಟಿದ್ದು ಅಮೆರಿಕದ ಕಪ್ಪು ಜನರ ನಡುವೆ. ಮನೋಧರ್ಮವೇ ಅದರ ಜೀವಾಳ. ನಮ್ಮ ಕರ್ನಾಟಕ ಸಂಗೀತದ ವಿದ್ವಾಂಸರು ರಾಗವೊಂದನ್ನು ಆ ಕ್ಷಣಕ್ಕೆ ತೋಚಿದಂತೆ ಬೆಳೆಸುವ ಹಾಗೆ, ಜಾಝ್ ಕಲಾವಿದರೂ ಒಂದು ಸಣ್ಣ ಸ್ವರಗುಚ್ಛವನ್ನು ಹಿಡಿದು ವೇದಿಕೆಯಲ್ಲೇ ಬೆಳೆಸುತ್ತಾರೆ. ರಾಕ್ ಸಂಗೀತಕ್ಕೆ ಎಲೆಕ್ಟ್ರಿಕ್ ಗಿಟಾರ್, ಗಟ್ಟಿ ಡ್ರಮ್ಸ್, ಯುವಜನರ ಆವೇಶ. 1960ರ ದಶಕದ ಕೊನೆಗೆ ಇವೆರಡೂ ಒಂದಾದವು. ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಜಾಝ್ ವೇದಿಕೆಗೆ ಎಲೆಕ್ಟ್ರಿಕ್ ವಾದ್ಯಗಳನ್ನು ತಂದರು. ಅವರ ಜೊತೆ ನುಡಿಸಿದ ಗಿಟಾರ್ ವಾದಕ ಜಾನ್ ಮೆಕ್‌ಲಾಫ್ಲಿನ್ 1971ರಲ್ಲಿ 'ಮಹಾವಿಷ್ಣು ಆರ್ಕೆಸ್ಟ್ರಾ' ಕಟ್ಟಿದರು. ಅನಂತರ ಎಲ್. ಶಂಕರ್, ಜಾಕಿರ್ ಹುಸೇನ್, ವಿಕ್ಕು ವಿನಾಯಕರಾಮ್ ಅವರನ್ನು ಸೇರಿಸಿಕೊಂಡು 'ಶಕ್ತಿ' ತಂಡ ಮಾಡಿದರು. 'ಶಕ್ತಿ' ಜಗತ್ತಿಗೆಲ್ಲ ಗೊತ್ತು. ಅದೇ ದಶಕದಲ್ಲಿ ಅದೇ ದಾರಿ ತುಳಿದ ಬೆಂಗಳೂರಿನ ತಂಡ ಮಾತ್ರ ಬೆಂಗಳೂರಿನಲ್ಲೇ ಹೆಚ್ಚು ಜನಕ್ಕೆ ಗೊತ್ತಿಲ್ಲ.

ಭಾರತಕ್ಕೆ ಜಾಝ್ ಹೊಸದೇನೂ ಆಗಿರಲಿಲ್ಲ. 1930ರ ದಶಕದಲ್ಲೇ ಮುಂಬಯಿಯ ತಾಜ್ ಹೋಟೆಲಿನಲ್ಲಿ ಅಮೆರಿಕದ ಕಪ್ಪು ಕಲಾವಿದರ ಜಾಝ್ ತಂಡಗಳು ನುಡಿಸುತ್ತಿದ್ದವು. ಅವರಿಂದ ಬೇಗ ಕಲಿತವರು ಗೋವಾದ ಕ್ರೈಸ್ತ ಯುವಕರು. ಗೋವಾದ ಚರ್ಚುಗಳ ಶಾಲೆಗಳಲ್ಲಿ ಮಕ್ಕಳಿಗೆ ಸ್ವರಲಿಪಿ ಓದುವುದನ್ನೂ ಪಿಟೀಲು ನುಡಿಸುವುದನ್ನೂ ಕಲಿಸುವ ಪದ್ಧತಿ ಇತ್ತು. ಹಾಗೆ ಕಲಿತು ಮುಂಬಯಿಗೆ ಹೋದವರು ಹೋಟೆಲುಗಳಲ್ಲಿ ಜಾಝ್ ನುಡಿಸಿದರು, ಹಗಲು ಹಿಂದಿ ಚಿತ್ರಗೀತೆಗಳ ವಾದ್ಯವೃಂದಕ್ಕೆ ದುಡಿದರು. ನಮ್ಮ ಅಜ್ಜ ಅಜ್ಜಿಯರು ರೇಡಿಯೊದಲ್ಲಿ ಕೇಳಿ ಮೆಚ್ಚಿದ ಎಷ್ಟೋ ಹಿಂದಿ ಹಾಡುಗಳ ಹಿನ್ನೆಲೆಯಲ್ಲಿ ಅವರ ಟ್ರಂಪೆಟ್ ಮತ್ತು ಸ್ಯಾಕ್ಸೋಫೋನ್ ಇವೆ. ಆದರೆ ಆ ಜಾಝ್ ಹೋಟೆಲಿನ ನೃತ್ಯದ ಸಂಗೀತವಾಗಿತ್ತು. ಮೃದಂಗ, ಘಟಗಳ ಜೊತೆ ಅದು ಕೂತು ಮಾತಾಡುವ ಕಾಲ ಇನ್ನೂ ಬಂದಿರಲಿಲ್ಲ.

ಬದಿಗೆ ಕೂತವರ ಕಾಲೇಜು

1964ರಲ್ಲಿ ಮೃದಂಗ ವಿದ್ವಾಂಸ ಟಿ.ಎ.ಎಸ್. ಮಣಿ ಬೆಂಗಳೂರಿನಲ್ಲಿ ಒಂದು ಶಾಲೆ ಆರಂಭಿಸಿದರು. ಹೆಸರು 'ಕರ್ನಾಟಕ ಕಾಲೇಜ್ ಆಫ್ ಪರ್ಕಶನ್'. ಮೃದಂಗ, ಘಟ, ಖಂಜಿರ, ಮೋರ್ಸಿಂಗ್, ಕೊನ್ನಕ್ಕೋಲ್ ಹೀಗೆ ತಾಳವಾದ್ಯಗಳಿಗೇ ಮೀಸಲಾದ ಶಾಲೆ.

ಇದರಲ್ಲಿ ಏನು ವಿಶೇಷ ಎಂದು ಕೇಳಬಹುದು. ಕರ್ನಾಟಕ ಸಂಗೀತ ಕಚೇರಿಯ ವೇದಿಕೆಯನ್ನು ನೆನಪಿಸಿಕೊಳ್ಳಿ. ನಡುವೆ ಹಾಡುವವರು. ಬದಿಯಲ್ಲಿ ಮೃದಂಗ, ಅದರ ಹಿಂದೆ ಘಟ, ಖಂಜಿರ. 'ಪಕ್ಕವಾದ್ಯ' ಎಂಬ ಹೆಸರೇ ಅವರು ಎಲ್ಲಿ ಕೂರಬೇಕು ಎಂದು ಹೇಳಿಬಿಡುತ್ತದೆ. ಎರಡೂವರೆ ಗಂಟೆಯ ಕಚೇರಿಯಲ್ಲಿ ಅವರದ್ದೇ ಎನ್ನುವುದು 'ತನಿ ಆವರ್ತನ'ದ ಕೆಲವು ನಿಮಿಷ ಮಾತ್ರ. ಆಗಲೂ ಸಭಿಕರಲ್ಲಿ ಕೆಲವರು ಕಾಫಿ ಕುಡಿಯಲು ಎದ್ದು ಹೋಗುವುದುಂಟು! ಮಣಿಯವರ ಶಾಲೆ ಆ ಬದಿಯವರನ್ನು ನಡುವಿಗೆ ತಂದಿತು. ಅಲ್ಲಿಂದ ಒಂದು ತಂಡವೇ ಹುಟ್ಟಿತು. ಮಣಿಯವರ ಮೃದಂಗ, ಆರ್.ಎ. ರಾಜಗೋಪಾಲ್ ಅವರ ಘಟ ಮತ್ತು ಮೋರ್ಸಿಂಗ್, ಟಿ.ಎನ್. ಶಶಿಕುಮಾರ್ ಅವರ ಖಂಜಿರ, ಇವೆಲ್ಲದರ ಮೇಲೆ ಮಣಿಯವರ ಪತ್ನಿ ಆರ್.ಎ. ರಮಾಮಣಿಯವರ ಕಂಠ. ರಮಾಮಣಿ ಬರೀ ಗಾಯಕಿಯಲ್ಲ, ರಾಗ ತಾಳಗಳಲ್ಲಿ ಹೊಸ ರಚನೆಗಳನ್ನು ಮಾಡಬಲ್ಲವರು. ಲಯದ ಕ್ಷೇತ್ರ ಬಹುಪಾಲು ಗಂಡಸರದ್ದೇ ಆಗಿದ್ದ ಕಾಲ ಅದು ಎಂಬುದನ್ನು ಮರೆಯಬಾರದು.

ಬಾಯಲ್ಲಿ ಹುಟ್ಟುವ ತಾಳ

ಈ ತಂಡದ ಗುಟ್ಟು ಕೊನ್ನಕ್ಕೋಲ್‌ನಲ್ಲಿದೆ. ಕೊನ್ನಕ್ಕೋಲ್ ಎಂದರೆ ತಾಳದ ಪಾಠವನ್ನು ಬಾಯಲ್ಲಿ ಹೇಳುವುದು. ಯಕ್ಷಗಾನದ ನಾಡಿನವರಾದ ನಮಗೆ ಇದು ಅಪರಿಚಿತವಲ್ಲ. ಹೆಜ್ಜೆ ಕಲಿಸುವ ಗುರುಗಳು ಬಾಯಿತಾಳ ಹೇಳಿಕೊಡುವುದನ್ನು ಕುಂಬಳೆ, ಮಂಜೇಶ್ವರದ ಮಕ್ಕಳು ನೋಡಿಯೇ ಇರುತ್ತಾರೆ. ಕೈಯಲ್ಲಿ ನುಡಿಯುವ ಮೊದಲು ಬಾಯಲ್ಲಿ ನುಡಿಯಬೇಕು, ಬಾಯಲ್ಲಿ ಬಂದದ್ದು ಕೈಗೆ ತಾನೇ ಬರುತ್ತದೆ ಎನ್ನುವುದು ಈ ಕಲಿಕೆಯ ನಿಯಮ.

ಲೆಕ್ಕ ಸರಳ. ಮೂರಕ್ಕೆ 'ತ ಕಿ ಟ', ನಾಲ್ಕಕ್ಕೆ 'ತ ಕ ಧಿ ಮಿ', ಐದಕ್ಕೆ 'ತ ಕ ತ ಕಿ ಟ', ಏಳಕ್ಕೆ 'ತ ಕಿ ಟ ತ ಕ ಧಿ ಮಿ'. ಇದನ್ನು ಓದಿ ಮುಗಿಸಬೇಡಿ, ಇಬ್ಬರು ಕೂತು ಮಾಡಿ ನೋಡಿ. ಒಬ್ಬರು ನಾಲ್ಕು ಅಕ್ಷರಕ್ಕೊಂದರಂತೆ ಒಂದೇ ಸಮನೆ ಚಪ್ಪಾಳೆ ತಟ್ಟಲಿ. ಇನ್ನೊಬ್ಬರು ಅದೇ ವೇಗದಲ್ಲಿ 'ತ ಕ ತ ಕಿ ಟ' ಎಂದು ಐದರ ಪಾಠ ಹೇಳುತ್ತಾ ಹೋಗಲಿ. ಮೊದಲ ಅಕ್ಷರದಲ್ಲಿ ಇಬ್ಬರೂ ಜೊತೆಗಿರುತ್ತಾರೆ. ಎರಡನೆಯ ಸುತ್ತಿಗೇ ಬೇರೆಯಾಗುತ್ತಾರೆ, ಮೂರನೆಯದಕ್ಕೆ ಜಗಳವೇ ಆಗುತ್ತಿದೆ ಅನ್ನಿಸುತ್ತದೆ. ಎದೆಗೆಡದೆ ಮುಂದುವರಿಸಿದರೆ ಇಪ್ಪತ್ತು ಅಕ್ಷರ ಮುಗಿದ ಕೂಡಲೇ, ಅಂದರೆ ಐದು ಚಪ್ಪಾಳೆ ಮತ್ತು ನಾಲ್ಕು ಪಾಠ ಕಳೆದ ಮೇಲೆ, ಇಬ್ಬರೂ ಮತ್ತೆ ಒಂದೇ ಕಡೆ ಬಂದು ನಿಲ್ಲುತ್ತಾರೆ. ಬೇರೆಯಾಗುವುದು, ಮತ್ತೆ ಸೇರುವುದು: ದಕ್ಷಿಣ ಭಾರತದ ಲಯದ ಸುಖವೆಲ್ಲ ಇದರಲ್ಲಿದೆ. ನಾಲ್ಕರ ಹೆಜ್ಜೆಯಲ್ಲೇ ಬೆಳೆದ ರಾಕ್ ಡ್ರಮ್ಮರ್‌ಗಳು ಇದನ್ನು ಕೇಳಿ ಬೆರಗಾದದ್ದರಲ್ಲಿ ಆಶ್ಚರ್ಯವಿಲ್ಲ.

ಮ್ಯೂನಿಕ್‌ನಿಂದ ಹೊರಟ ಬಸ್ಸು

ಈಗ ಇನ್ನೊಂದು ತುದಿಗೆ ಹೋಗೋಣ. 1969ರಲ್ಲಿ ಮ್ಯೂನಿಕ್ ನಗರದಲ್ಲಿ 'ಎಂಬ್ರಿಯೊ' ಎಂಬ ಜಾಝ್ ರಾಕ್ ತಂಡ ಹುಟ್ಟಿತು. ಅದರ ಮುಖ್ಯಸ್ಥ ಕ್ರಿಸ್ಟಿಯನ್ ಬುರ್ಖಾರ್ಡ್, ಡ್ರಮ್ಸ್ ಮತ್ತು ವೈಬ್ರಾಫೋನ್ ವಾದಕ. ದೊಡ್ಡ ಕಂಪೆನಿಗಳ ಹಂಗು ಬೇಡವೆಂದು ಈ ತಂಡ 1976ರಲ್ಲಿ ಸಮಾನಮನಸ್ಕ ತಂಡಗಳ ಜೊತೆ ಸೇರಿ ತಮ್ಮದೇ ರೆಕಾರ್ಡ್ ಸಂಸ್ಥೆ ಮಾಡಿಕೊಂಡಿತು. ಅದಕ್ಕೆ ಮುಂದೆ 'ಶ್ನೇಬಾಲ್', ಅಂದರೆ ಹಿಮದ ಚೆಂಡು, ಎಂಬ ಹೆಸರು ಬಂತು. ಖರ್ಚು, ಹೊಣೆ, ಲಾಭ ಎಲ್ಲವೂ ನುಡಿಸುವವರದ್ದೇ.

1978ರಲ್ಲಿ ಎಂಬ್ರಿಯೊ ಒಂದು ಸಾಹಸಕ್ಕೆ ಕೈಹಾಕಿತು. ವಿಮಾನ ಹತ್ತದೆ, ವಾದ್ಯ ಸಾಮಾನುಗಳನ್ನೆಲ್ಲ ಬಸ್ಸಿಗೆ ಹೇರಿ ನೆಲದ ದಾರಿಯಲ್ಲೇ ಭಾರತಕ್ಕೆ ಹೊರಟಿತು. ಆ ಕಾಲವನ್ನು ನೆನೆಯಿರಿ. ಇರಾನಿನಲ್ಲಿ ದೊರೆಯ ವಿರುದ್ಧ ಜನ ಬೀದಿಗಿಳಿದಿದ್ದರು, 1979ರ ಜನವರಿಯಲ್ಲಿ ಆತ ದೇಶ ಬಿಟ್ಟೇ ಹೋದ. ಅಫ್ಘಾನಿಸ್ತಾನದಲ್ಲಿ ಸರಕಾರ ಉರುಳಿ ಕೆಲವೇ ತಿಂಗಳಾಗಿತ್ತು. ಅಂಥ ದಾರಿಯಲ್ಲಿ ಸಾಗುತ್ತಾ, ಹೋದ ಊರಿನ ಕಲಾವಿದರ ಜೊತೆ ಕೂತು ನುಡಿಸುತ್ತಾ, ಕಲಿಯುತ್ತಾ ಈ ತಂಡ ಪಾಕಿಸ್ತಾನ ದಾಟಿ ಭಾರತಕ್ಕೆ ಬಂತು. ಈ ಪ್ರಯಾಣದ ಚಿತ್ರವನ್ನು ವೆರ್ನರ್ ಪೆನ್ಸೆಲ್ ತೆಗೆದರು. 'ಅಲೆಮಾರಿಗಳ ಕಾರವಾನ್' ಎಂಬ ಅರ್ಥದ ಹೆಸರಿನಲ್ಲಿ ಅದು 1980ರಲ್ಲಿ ಹೊರಬಂತು. ಪ್ರಯಾಣದ ಸಂಗೀತ 'ಎಂಬ್ರಿಯೋಸ್ ರೈಸೆ' ಎಂಬ ಜೋಡಿ ರೆಕಾರ್ಡ್ ಆಯಿತು. 'ರೈಸೆ' ಎಂದರೆ ಜರ್ಮನ್ ಭಾಷೆಯಲ್ಲಿ ಪ್ರಯಾಣ.

ಆ ಪ್ರಯಾಣದಲ್ಲಿ ಅವರಿಗೆ ಸಿಕ್ಕ ದೊಡ್ಡ ಗೆಳೆತನಗಳಲ್ಲೊಂದು ಮಣಿ ಮತ್ತು ರಮಾಮಣಿಯವರ ತಂಡದ್ದು. ಗಿಟಾರ್, ಬೇಸ್, ಡ್ರಮ್ಸ್ ಒಂದು ಕಡೆ, ಮೃದಂಗ, ಘಟ, ಖಂಜಿರ ಇನ್ನೊಂದು ಕಡೆ. ನಡುವೆ ಮಾತಿಗೆ ಸರಿಯಾದ ಭಾಷೆಯಿಲ್ಲದಿದ್ದರೂ 'ತ ಕ ಧಿ ಮಿ' ಇತ್ತು. ಮುಂದೆ ಬೆಂಗಳೂರಿನ ಕಲಾವಿದರು ಯುರೋಪಿಗೆ ಹೋಗಿ ಎಂಬ್ರಿಯೊ ಜೊತೆ ವೇದಿಕೆ ಹಂಚಿಕೊಂಡರು.

ಎಂಬ್ರಿಯೊದಿಂದ ಹೊರಬಂದ ಕೆಲವರು 'ಡಿಸಿಡೆಂಟನ್' ಎಂಬ ಹೊಸ ತಂಡ ಕಟ್ಟಿದರು. 1982ರಲ್ಲಿ ಅವರು ತಂದ ಮೊದಲ ಆಲ್ಬಂ 'ಜರ್ಮನಿಸ್ತಾನ್'. ಅದನ್ನು ಅವರು ಒಬ್ಬರೇ ಮಾಡಿದ್ದಲ್ಲ, ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ ಜೊತೆ ಮಾಡಿದ್ದು. ಎರಡು ವರ್ಷದ ಬಳಿಕ ಡಿಸಿಡೆಂಟನ್ ಮೊರಾಕೊದ ಕಲಾವಿದರ ಜೊತೆ ಮಾಡಿದ 'ಸಹಾರಾ ಎಲೆಕ್ಟ್ರಿಕ್' ಯುರೋಪಿನಲ್ಲೆಲ್ಲ ಹೆಸರು ಮಾಡಿತು. 'ವರ್ಲ್ಡ್ ಮ್ಯೂಸಿಕ್' ಎಂಬ ಹೆಸರಿನ ಕಪಾಟು ರೆಕಾರ್ಡ್ ಅಂಗಡಿಗಳಿಗೆ ಬಂದದ್ದು 1987ರ ನಂತರ. ಬೆಂಗಳೂರಿನವರು ಅದಕ್ಕೆ ಐದು ವರ್ಷ ಮೊದಲೇ ಆ ಕೆಲಸ ಮಾಡಿ ಮುಗಿಸಿದ್ದರು!

ಪ್ರಸಿದ್ಧರೊಬ್ಬರು ಶಿಷ್ಯರಾದದ್ದು

ಈ ಕಥೆಯ ಮೂರನೆಯ ವ್ಯಕ್ತಿ ಚಾರ್ಲಿ ಮರಿಯಾನೊ. ಇಟಲಿಯಿಂದ ವಲಸೆ ಬಂದವರ ಮಗ, ಹುಟ್ಟಿದ್ದು 1923ರಲ್ಲಿ ಅಮೆರಿಕದ ಬಾಸ್ಟನ್‌ನಲ್ಲಿ. ಸ್ಯಾಕ್ಸೋಫೋನ್‌ನಲ್ಲಿ ದೊಡ್ಡ ಹೆಸರು. ಜಾಝ್ ಚರಿತ್ರೆಯ ಮಹತ್ವದ ರಚನಕಾರ ಚಾರ್ಲ್ಸ್ ಮಿಂಗಸ್ ಅವರ 1963ರ ಪ್ರಸಿದ್ಧ ಆಲ್ಬಂನಲ್ಲಿ ನುಡಿಸಿದವರು, ಬಾಸ್ಟನ್‌ನ ಬರ್ಕ್ಲಿ ಸಂಗೀತ ಶಾಲೆಯಲ್ಲಿ ಮೇಷ್ಟರಾಗಿದ್ದವರು. ಇನ್ನು ಕಲಿಯುವುದೇನೂ ಉಳಿದಿಲ್ಲ ಎಂದು ಯಾರೂ ಭಾವಿಸಬಹುದಾದ ಸ್ಥಾನ ಅದು.

1960ರ ದಶಕದಲ್ಲಿ ಮಲೇಶ್ಯಾದಲ್ಲಿ ಕೆಲಸಕ್ಕಿದ್ದಾಗ ಅವರು ಅಲ್ಲಿಯ ತಮಿಳರ ನಾಗಸ್ವರ ಕೇಳಿದರು. ಮನಸ್ಸು ಹಾರಿಹೋಯಿತು. ನಲವತ್ತು ದಾಟಿದ ಮೇಲೆ ಆ ಕಷ್ಟದ ವಾದ್ಯವನ್ನು ಮೊದಲಿನಿಂದ ಕಲಿಯಲು ಕೂತರು. 1970ರ ದಶಕದಲ್ಲಿ ಭಾರತಕ್ಕೇ ಬಂದು ಕಲಿಕೆ ಮುಂದುವರಿಸಿದರು. ನಾಗಸ್ವರಕ್ಕೆ ಸ್ಯಾಕ್ಸೋಫೋನಿನಂತೆ ಕೀಲಿಗಳಿಲ್ಲ. ಬರೀ ತೂತು, ಬೆರಳು, ತುಟಿ, ಉಸಿರು. ಸ್ವರವನ್ನು ಎಳೆಯುವುದು, ತೂಗುವುದು, ಜಾರಿಸುವುದು ಎಲ್ಲ ಮೈಯಿಂದಲೇ ಬರಬೇಕು. ಎಂಬ್ರಿಯೊ 1973ರಲ್ಲಿ ಹೊರತಂದ 'ವಿ ಕೀಪ್ ಆನ್' ಆಲ್ಬಂನಲ್ಲಿ ಮರಿಯಾನೊ ಅವರ ನಾಗಸ್ವರವೂ ಇದೆ. ಜರ್ಮನ್ ರಾಕ್ ತಂಡದ ನಡುವೆ ನಾಗಸ್ವರ, ಅದೂ ಬಾಸ್ಟನ್ನಿನವರ ಕೈಯಲ್ಲಿ!

ಇದೇ ಮರಿಯಾನೊ ಬೆಂಗಳೂರಿನ ತಂಡದ ಜೊತೆ ಸೇರಿದರು. 1983ರ ಫೆಬ್ರವರಿಯಲ್ಲಿ ಜರ್ಮನಿಯ ಲುಡ್ವಿಗ್ಸ್‌ಬುರ್ಗ್‌ನ ಸ್ಟುಡಿಯೊದಲ್ಲಿ 'ಜ್ಯೋತಿ' ಎಂಬ ಆಲ್ಬಂ ಧ್ವನಿಮುದ್ರಣವಾಯಿತು. ತಂದದ್ದು ಮ್ಯೂನಿಕ್‌ನ ಇಸಿಎಂ ಎಂಬ ಹೆಸರಾಂತ ಸಂಸ್ಥೆ. ಈ ರೆಕಾರ್ಡಿನಲ್ಲಿ ಗಮನಿಸಬೇಕಾದ ಒಂದು ಸಂಗತಿಯಿದೆ. ರೆಕಾರ್ಡಿನ ಮೇಲೆ ಮೊದಲು ಬರುವುದು ಮರಿಯಾನೊ ಹೆಸರು. ಆದರೆ ಸೂಜಿ ಇಟ್ಟ ಕೂಡಲೇ ಕೇಳುವುದು ರಮಾಮಣಿಯವರ ಧ್ವನಿ. ಮೊದಲ ತುಣುಕಿನ ಹೆಸರೇ 'ವಾಯ್ಸ್ ಸೋಲೊ'. ಅರುವತ್ತರ ಹೊಸ್ತಿಲಲ್ಲಿದ್ದ ಜಗತ್ಪ್ರಸಿದ್ಧ ಕಲಾವಿದರು ತಮ್ಮದೇ ಆಲ್ಬಂನ ಬಾಗಿಲಲ್ಲಿ ನಿಂತು, ಬೆಂಗಳೂರಿನ ಗಾಯಕಿಯನ್ನು ಮೊದಲು ಒಳಗೆ ಕಳಿಸಿದ ಹಾಗಿದೆ. 'ವಂದನಂ', 'ವರ್ಷಿಣಿ', 'ಸಪ್ತರ್ಷಿ' ಮುಂತಾದ ತುಣುಕುಗಳಲ್ಲೂ ಸ್ಯಾಕ್ಸೋಫೋನ್ ಮೆರೆಯುವುದಿಲ್ಲ, ಕಂಠದ ಪಕ್ಕದಲ್ಲಿ ನಡೆಯುತ್ತದೆ. ಬದಿಗೆ ಕೂತವರು ನಡುವಿಗೆ ಬಂದರು, ನಡುವೆ ನಿಂತಿದ್ದವರು ಬದಿಗೆ ಸರಿದರು.

ಈ ಸ್ನೇಹ ಒಂದು ಆಲ್ಬಂಗೆ ಮುಗಿಯಲಿಲ್ಲ. 1990ರ ದಶಕದ ಕೊನೆಗೆ ಅವರು ಒಟ್ಟಾಗಿ ತಂದ ಇನ್ನೊಂದು ಆಲ್ಬಂನ ಹೆಸರೇ 'ಬ್ಯಾಂಗಲೋರ್'. ಮರಿಯಾನೊ 2009ರಲ್ಲಿ, ಬುರ್ಖಾರ್ಡ್ 2018ರಲ್ಲಿ ತೀರಿಕೊಂಡರು. ಎಂಬ್ರಿಯೊ ತಂಡವನ್ನು ಈಗ ಬುರ್ಖಾರ್ಡ್ ಮಗಳು ಮಾರ್ಯಾ ನಡೆಸುತ್ತಿದ್ದಾರೆ.

ನಮ್ಮ ಬದಿಯಿಂದ ಹೋದ ದಾರಿ

ಇದೇ ಕಾಲದಲ್ಲಿ ನಮ್ಮ ನೆರೆಯ ಬಂಟ್ವಾಳದಿಂದ ಇನ್ನೊಬ್ಬರು ಇದೇ ಸೇತುವೆಯನ್ನು ಆಚೆ ಬದಿಯಿಂದ ದಾಟುತ್ತಿದ್ದರು. 1949ರಲ್ಲಿ ಸಜಿಪಮೂಡದಲ್ಲಿ ಹುಟ್ಟಿದ ಕದ್ರಿ ಗೋಪಾಲನಾಥ್ ನಾಗಸ್ವರದ ಮನೆಯವರು. ತಂದೆ ತನಿಯಪ್ಪ ನಾಗಸ್ವರ ವಾದಕರು. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕೇಳಿ ಹುಡುಗನ ಮನಸ್ಸು ಅಲ್ಲೇ ನಿಂತಿತು. ಮರಿಯಾನೊ ಸ್ಯಾಕ್ಸೋಫೋನಿನಿಂದ ನಾಗಸ್ವರಕ್ಕೆ ಹೋದರೆ ಗೋಪಾಲನಾಥ್ ನಾಗಸ್ವರದಿಂದ ಸ್ಯಾಕ್ಸೋಫೋನಿಗೆ ಬಂದರು. ಕೀಲಿಗಳಿರುವ ವಾದ್ಯದಲ್ಲಿ ಗಮಕ ತರಿಸಲು ವರ್ಷಗಟ್ಟಲೆ ಒದ್ದಾಡಿದರು, ವಾದ್ಯವನ್ನೇ ತಮಗೆ ಬೇಕಾದಂತೆ ಮಾರ್ಪಡಿಸಿಕೊಂಡರು. 1980ರಲ್ಲಿ ಮುಂಬಯಿಯ ಜಾಝ್ ಉತ್ಸವದಲ್ಲಿ ಅವರ ವಾದನ ಕೇಳಿದ ಅಮೆರಿಕದ ಸ್ಯಾಕ್ಸೋಫೋನ್ ವಾದಕ ಜಾನ್ ಹ್ಯಾಂಡಿ, ಅವರ ಜೊತೆ ನುಡಿಸಲು ಮುಂದೆ ಬಂದರು. 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮ್ಸ್ ವೇದಿಕೆ, 2004ರಲ್ಲಿ ಪದ್ಮಶ್ರೀ. 2019ರ ಅಕ್ಟೋಬರ್ 11ರಂದು ಅವರು ನಿಧನರಾದರು.

ಈ ಸರಪಳಿಗೆ ಇನ್ನೊಂದು ಕೊಂಡಿಯಿದೆ. ಅಮೆರಿಕದಲ್ಲಿ ಬೆಳೆದ ಕನ್ನಡಿಗ ಕುಟುಂಬದ ರುದ್ರೇಶ್ ಮಹಂತಪ್ಪ ಜಾಝ್ ಸ್ಯಾಕ್ಸೋಫೋನ್ ವಾದಕರು, ಬರ್ಕ್ಲಿಯಲ್ಲಿ ಓದಿದವರು. ವಿದ್ಯಾರ್ಥಿಯಾಗಿದ್ದಾಗ ಅಣ್ಣ ತಮಾಷೆಗೆಂದು ತಂದುಕೊಟ್ಟ ಗೋಪಾಲನಾಥರ ಆಲ್ಬಂ ಕೇಳಿ ದಂಗಾದರು. ಮುಂದೆ ಗೋಪಾಲನಾಥರ ಜೊತೆಯೇ ಕೂತು 'ಕಿನ್ಸ್‌ಮೆನ್' ಎಂಬ ಆಲ್ಬಂ ಮಾಡಿದರು. ಅದು ಬಂದದ್ದು 2008ರಲ್ಲಿ. ಹೆಸರಿನ ಅರ್ಥ 'ಬಂಧುಗಳು'.

ಹೆಸರಾಗದೆ ಉಳಿದದ್ದೇಕೆ?

ಗೋಪಾಲನಾಥರ ಹೆಸರು ಮನೆಮಾತಾಯಿತು. ಬೆಂಗಳೂರಿನ ತಂಡದ ಹೆಸರು ಹಾಗಾಗಲಿಲ್ಲ. ಕಾರಣ ಹುಡುಕುವುದು ಕಷ್ಟವಲ್ಲ. ಅವರ ಮುಖ್ಯ ರೆಕಾರ್ಡುಗಳು ಬಂದದ್ದು ಜರ್ಮನಿಯ ಸಂಸ್ಥೆಗಳಿಂದ. 1980ರ ದಶಕದಲ್ಲಿ ವಿದೇಶಿ ರೆಕಾರ್ಡ್ ಕೊಳ್ಳುವುದು ನಮ್ಮಲ್ಲಿ ಎಲ್ಲರ ಕೈಗೆಟಕುವ ಮಾತಾಗಿರಲಿಲ್ಲ. ಎರಡನೆಯದಾಗಿ, ಶಾಸ್ತ್ರೀಯ ಸಂಗೀತದವರಿಗೆ ಇದು ರಾಕ್, ರಾಕ್ ಕೇಳುವವರಿಗೆ ಇದು ಶಾಸ್ತ್ರೀಯ. ಯಾವ ಕಪಾಟಿನಲ್ಲೂ ಕೂರದ್ದು ಯಾರ ಮನೆಗೂ ಹೋಗುವುದಿಲ್ಲ. ಮೂರನೆಯದಾಗಿ, ನಾವು ಗಾಯಕರ ಹೆಸರು ನೆನಪಿಟ್ಟಷ್ಟು ತಾಳದವರ ಹೆಸರು ನೆನಪಿಡುವುದಿಲ್ಲ.

ಇದನ್ನು ಇಲ್ಲಿ ಬರೆಯಲು ಕಾರಣವಿದೆ. ಇಂದು 'ಫ್ಯೂಶನ್' ಎನ್ನುವುದು ಬಲು ಸುಲಭ. ಕೀಬೋರ್ಡಿನಲ್ಲಿ ಒಂದು ಗುಂಡಿ ಒತ್ತಿದರೆ ತಬಲಾ ಬರುತ್ತದೆ, ಇನ್ನೊಂದು ಒತ್ತಿದರೆ ರಾಕ್ ಡ್ರಮ್ಸ್ ಬರುತ್ತದೆ, ಎರಡನ್ನೂ ಒತ್ತಿದರೆ ಬೆರಕೆ ಸಿದ್ಧ. ನಮ್ಮ ಕೊಯರ್‌ಗಳಲ್ಲೂ ಇದು ನಡೆಯುತ್ತಿದೆ. ಗುಂಡಿ ಒತ್ತುವುದು ಪಾಪವಲ್ಲ. ಆದರೆ ಪಕ್ಕದಲ್ಲೇ ತಬಲಾ ಕಲಿತ ಹುಡುಗ, ಯಕ್ಷಗಾನದ ಮದ್ದಳೆ ನುಡಿಸುವ ಹುಡುಗಿ ಸುಮ್ಮನೆ ಕೂತಿರುವಾಗ ಗುಂಡಿ ಒತ್ತಿದರೆ ನಷ್ಟ ಯಾರಿಗೆ? ಮ್ಯೂನಿಕ್‌ನವರು ತಿಂಗಳುಗಟ್ಟಲೆ ಬಸ್ಸಿನಲ್ಲಿ ಬಂದು ಕೂತು ಕಲಿತದ್ದು ನಮ್ಮ ಗದ್ದೆಯ ಆಚೆ ಬದಿಯಲ್ಲೇ ಇದೆ. ನಾವು ಆ ಗದ್ದೆ ದಾಟುವುದಿಲ್ಲ.

ಎರಡು ಸಂಗೀತಗಳನ್ನು ಸೇರಿಸಲು ಬೇಕಾದದ್ದು ಯಂತ್ರವಲ್ಲ, ಸಮಯ. ಇನ್ನೊಬ್ಬರ ಮುಂದೆ 'ನನಗೆ ಗೊತ್ತಿಲ್ಲ, ಹೇಳಿಕೊಡಿ' ಎನ್ನುವ ಧೈರ್ಯ. ಮರಿಯಾನೊ ಅದನ್ನು ನಲವತ್ತು ದಾಟಿದ ಮೇಲೆ ಹೇಳಿದರು. ಎಂಬ್ರಿಯೊ ಅದನ್ನು ಊರೂರಿಗೆ ಹೋಗಿ ಹೇಳಿತು. ಮಣಿ, ರಮಾಮಣಿ ತಮ್ಮ ಸಂಗೀತವನ್ನು ತೆಳುಗೊಳಿಸಲಿಲ್ಲ, ಬಂದವರನ್ನು ಹೊರಗೂ ನಿಲ್ಲಿಸಲಿಲ್ಲ. ಎರಡು ಕಡೆಯವರೂ ತಮ್ಮ ಮನೆಯ ಪಾಠವನ್ನು ಗಟ್ಟಿಯಾಗಿ ಕಲಿತಿದ್ದರಿಂದಲೇ ಐದು ಮತ್ತು ನಾಲ್ಕು ಇಪ್ಪತ್ತರಲ್ಲಿ ಸೇರುವಂತೆ ಅವರೂ ಸೇರಿದರು.

ಈ ವಾರ ಬಿಡುವಿದ್ದಾಗ 'ಜ್ಯೋತಿ' ಹುಡುಕಿ ಕೇಳಿ. ಮೊದಲ ತುಣುಕನ್ನು ಮೊಬೈಲ್ ಪಕ್ಕಕ್ಕಿಟ್ಟು, ಕಣ್ಣುಮುಚ್ಚಿ ಕೇಳಿ. ಆಮೇಲೆ ನಿಮ್ಮ ವಾರ್ಡಿನಲ್ಲಿ ಯಾರಿಗೆ ಮೃದಂಗ, ತಬಲಾ, ಚೆಂಡೆ, ಪಿಟೀಲು ಬರುತ್ತದೆ ಎಂದು ಒಂದು ಪಟ್ಟಿ ಮಾಡಿ. ಮುಂದಿನ ಅಭ್ಯಾಸದ ದಿನ ಅವರಲ್ಲಿ ಒಬ್ಬರನ್ನು ಕರೆಯಿರಿ. ಅವರು ಬಂದರೆ ಬದಿಯಲ್ಲಿ ಕೂರಿಸಬೇಡಿ.